ವಿದ್ಯೆಯೂ ಮೇಲುಕೀಳೂ



ಜವಳಗೇರಾ ಗ್ರಾಮಕ್ಕೆ ಬಹುದೂರವಲ್ಲದ ಮಸ್ಕಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿರುವದು ಸರ್ವರಿಗೂ ಶ್ರುತವಾದ ಸಂಗತಿಯೇ. ಬೀಡನ್ ಎಂಬ ಗಣಿ ಎಂಜಿನಿಯರನು 1915ರಲ್ಲಿ ಅದನ್ನು ಕಂಡನು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬದು ಆ ಕಲ್ಲಿನಿಂದ ನಿಶ್ಚಯವಾಯಿತೆಂದು ಇತಿಹಾಸಜ್ಞರು ಅದನ್ನು ಕೊಂಡಾಡುತ್ತಾರೆ. ಆದರೆ ಅದರೊಳಗಿನ ಮಾತಿಗೆ ಕಿವಿಗೊಟ್ಟವರು ವಿರಳ. ಧರ್ಮದ ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಅದನ್ನು ಪಡೆಯಬಲ್ಲನು, ಇಬ್ಬರಿಗೂ ಇದನ್ನು ತಿಳಿಸತಕ್ಕದ್ದು ಎಂಬದೇ ಅದರ ತಾತ್ಪರ್ಯ. ಆ ಲಿಪಿಯನ್ನೇ ಜನರು ಮರೆತ ಮೇಲೆ, ಸಣ್ಣವರಿಗಾಗಿ ಬರೆದ ಮಾತು ಶತಮಾನಗಳವರೆಗೆ ಸಣ್ಣವರಿಗೂ ದೊಡ್ಡವರಿಗೂ ಬರಿಯ ಬಂಡೆಯಾಗಿ ಉಳಿಯಿತು.

ಶಾಲೆಯ ಬಾಗಿಲನ್ನು ತೆರೆದರೆ ಮೇಲುಕೀಳು ತಾನಾಗಿ ಅಳಿಯುವದೆಂದು ನಂಬುವವರುಂಟು. ಮೊದಲಿಗೆ ಆ ಬಾಗಿಲಾದರೂ ಸುಲಭವಾಗಿ ತೆರೆಯಲಿಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಮಹಾರ ಸಮಾಜದ ಹುಡುಗನೊಬ್ಬನಿಗೆ, ಫೀ ಕೊಡಲು ಸಿದ್ಧನಿದ್ದಾಗ್ಯೂ, ಪ್ರವೇಶವು ದೊರೆಯಲಿಲ್ಲ. ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ನ್ಯಾಯವು ಹುಡುಗನ ಪಕ್ಷದಲ್ಲಿದೆಯೆಂದು ಸರಕಾರವು ಒಪ್ಪಿಕೊಂಡಿತು. ಅವನೊಬ್ಬನನ್ನು ಸೇರಿಸಿಕೊಂಡರೆ ಮಿಕ್ಕವರಿಗೆ ಶಾಲೆಯೇ ನಿರುಪಯೋಗವಾದೀತೆಂದು ಅಂಜಿ ಅವನನ್ನು ಹೊರಗೇ ನಿಲ್ಲಿಸಿತು. ಅರಿಯದೆ ಮಾಡಿದ ಅನ್ಯಾಯಕ್ಕಿಂತ ಅರಿತು ಮಾಡಿದ ಈ ಅನ್ಯಾಯವು ಘೋರವಲ್ಲವೆ? ಜಾತಿಯ ಕಾರಣದಿಂದ ಸರಕಾರಿ ಶಾಲೆಯಲ್ಲಿ ಯಾರಿಗೂ ಪ್ರವೇಶವನ್ನು ನಿರಾಕರಿಸಲಾಗದೆಂಬ ತತ್ತ್ವವನ್ನು 1882ರ ಹಂಟರ್ ಆಯೋಗವು ದೃಢಪಡಿಸಿತು. ತತ್ತ್ವವು ಹಳ್ಳಿಯ ಜಗುಲಿಯನ್ನು ಮುಟ್ಟಲು ಇನ್ನೂ ಬಹುಕಾಲ ಹಿಡಿಯಿತು.

ಇತ್ತ ರಾಯಚೂರು ಸೀಮೆಯು 1948ರವರೆಗೆ ನಿಜಾಮರ ಆಳಿಕೆಯಲ್ಲಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಟ್ಟ ಹಿರಿಮೆಯುಳ್ಳದ್ದು. ಆದರೆ ಆ ಭಾಷೆಯು ಉರ್ದುವಾಗಿತ್ತು. ಮನೆಯಲ್ಲಿ ಕನ್ನಡವಾಡುವ ಒಕ್ಕಲು ಮಗನಿಗೆ ಅದು ದಾಟಬೇಕಾದ ಎರಡನೆಯ ಹೊಸ್ತಿಲಾಯಿತು. ಇಂದು ಆ ಸ್ಥಾನದಲ್ಲಿ ಇಂಗ್ಲಿಷು ಕುಳಿತಿದೆ, ಹಣವುಳ್ಳವನು ಅದನ್ನು ಕೊಂಡುಕೊಳ್ಳುತ್ತಾನೆ.

1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಕ್ರಮೇಣ ಎಡದಂಡೆಯ ಕಾಲುವೆಯು ಸಿಂಧನೂರಿನ ಕರಿನೆಲಕ್ಕೆ ನೀರನ್ನು ತಂದಿತು. ಜೋಳದ ಸೀಮೆಯು ಬತ್ತದ ಸೀಮೆಯಾಯಿತು. ಜವಳಗೇರಾದಲ್ಲಿ ಕೇಂದ್ರ ಸರಕಾರದ ಬೀಜದ ಕ್ಷೇತ್ರವೇ ನೆಲೆಗೊಂಡಿತು. ಸಂಪತ್ತು ಬಂದ ಮೇಲೆ ವಿದ್ಯೆಯು ಹಿಂಬಾಲಿಸಬೇಕಷ್ಟೆ? ಹಾಗಾಗಲಿಲ್ಲ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ 39 ತಾಲೂಕುಗಳಲ್ಲಿ ಸಿಂಧನೂರೂ ಲಿಂಗಸುಗೂರೂ ಸೇರಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರರು ನೂರಕ್ಕೆ 75 ಮಿಕ್ಕಿದ್ದರೆ, ರಾಯಚೂರು ಜಿಲ್ಲೆಯಲ್ಲಿ 60 ಕೂಡ ತುಂಬಲಿಲ್ಲ. ಹೆಂಗಸರಲ್ಲಂತೂ 50ನ್ನೂ ಮುಟ್ಟಲಿಲ್ಲ.

ಕಾರಣವನ್ನು ಗದ್ದೆಯ ಬದುವಿನ ಮೇಲೆಯೇ ಕಾಣಬಹುದು. ಹೊಲದ ಒಡೆಯನ ಮಗನು ಶಾಲೆಯಲ್ಲಿರುವಾಗ, ಅದೇ ಹೊಲದಲ್ಲಿ ಸಸಿ ಹಚ್ಚುವವಳ ಮಗಳು ಬದುವಿನ ಮೇಲೆ ತಮ್ಮನನ್ನು ಎತ್ತಿಕೊಂಡು ಕುಳಿತಿರುತ್ತಾಳೆ. ಶಾಲೆಯ ಪಟ್ಟಿಯಲ್ಲಿ ಇಬ್ಬರ ಹೆಸರೂ ಉಂಟು. ಪರೀಕ್ಷೆಯ ದಿನ ಒಬ್ಬನು ಜಾಣನೆನಿಸುತ್ತಾನೆ, ಒಬ್ಬಳು ದಡ್ಡಿಯೆನಿಸುತ್ತಾಳೆ. ಹಿಂದೆ ಹುಟ್ಟಿನಿಂದ ಬಂದ ಕೀಳುತನಕ್ಕೆ ಈಗ ಅಂಕಗಳ ಮುದ್ರೆ ಬೀಳುತ್ತದೆ. ಹುಡುಗಿಯು ಅದನ್ನು ತನ್ನ ಬುದ್ಧಿಯ ಕೊರತೆಯೆಂದೇ ನಂಬಿಬಿಡುತ್ತಾಳೆ. ಇದೇ ಎಲ್ಲಕ್ಕಿಂತ ದೊಡ್ಡ ಹಾನಿ.

ಹಸಿದವನಿಗೆ ಅಕ್ಷರವು ಹತ್ತದೆಂಬದನ್ನು ಮಠಗಳು ಮೊದಲೇ ಅರಿತಿದ್ದವು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸರ್ವಜಾತಿಯ ಬಾಲಕರಿಗೆ ಅನ್ನವನ್ನೂ ವಸತಿಯನ್ನೂ ವಿದ್ಯೆಯನ್ನೂ ಒಟ್ಟಿಗೆ ನೀಡಿದರು. ಆದರೆ ಹಿಂದಿನ ಎಷ್ಟೋ ಪ್ರಸಾದನಿಲಯಗಳು ಸ್ವಸಮಾಜದ ಗಂಡುಮಕ್ಕಳಿಗಷ್ಟೇ ತೆರೆದಿದ್ದವೆಂಬದನ್ನು ಮರೆಮಾಚುವ ಕಾರಣವಿಲ್ಲ. 2002ರಲ್ಲಿ ಕರ್ನಾಟಕ ಸರಕಾರವು ಶಾಲೆಯ ಮಧ್ಯಾಹ್ನದ ಊಟವನ್ನು ಮೊದಲು ಆರಂಭಿಸಿದ್ದು ರಾಯಚೂರು ಸಹಿತವಾದ 7 ಜಿಲ್ಲೆಗಳಲ್ಲಿ. ಅದಕ್ಕಿಟ್ಟ ಹೆಸರು ಅಕ್ಷರ ದಾಸೋಹ. ಶರಣರ ಶಬ್ದವು ಸರಕಾರಿ ಕಾಗದವನ್ನು ಸೇರಿತು, ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣತೊಡಗಿದರು.

ಊಟದಿಂದ ಹೊಟ್ಟೆಯ ಅಡ್ಡಿ ಕಳೆಯಿತು. ಬದುವಿನ ಮೇಲಿನ ಹುಡುಗಿಯ ಕಂಕುಳಲ್ಲಿ ಕೂಸು ಮಾತ್ರ ಹಾಗೆಯೇ ಉಳಿಯಿತು. ನಾಟಿಯ ಕೆಲಸವು ಬಿರುಸಾಗುವದು ಶ್ರಾವಣದ ಸುಮಾರಿಗೆ. ಅದೇ ಮಾಸದಲ್ಲಿ ಮಠದ ಪಡಸಾಲೆಯಲ್ಲಿ ಸಂಜೆ ಪುರಾಣವು ನಡೆಯುತ್ತದೆ, ಹಗಲೆಲ್ಲ ಅದು ಬರಿದಾಗಿರುತ್ತದೆ. ಆ ಹಗಲಿನಲ್ಲಿ ಕೂಲಿಯವರ ಕೂಸುಗಳಿಗೋಸ್ಕರ ಅಲ್ಲಿ ಹತ್ತು ತೊಟ್ಟಿಲು ಕಟ್ಟಿ, ನೋಡಿಕೊಳ್ಳಲು ಇಬ್ಬರು ಮುದುಕಿಯರನ್ನು ಕೂರಿಸುವದಕ್ಕೆ ಅಡ್ಡಿಯೇನಿರುವದು?