ಹಳೆಯ ಲಾರಿ: ಇಂಜಿನ್ ಕಾಯದಂತೆ ಕಾಯುವುದು ಹೇಗೆ?



ಇವತ್ತು ಹಳೆಯ ಲಾರಿಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹಳೆಯದು ಎಂದರೆ ಗುಜರಿ ಸೇರಿದ ಲಾರಿಯ ಮಾತಲ್ಲ. ಇನ್ನೂ ದುಡಿದು ಒಂದು ಮನೆಗೆ ಅನ್ನ ಹಾಕುತ್ತಿರುವ ಲಾರಿಯ ಮಾತು. ಮಂತ್ರಾಲಯದಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ದಂಡೆಗೆ ಹತ್ತಿರ ಇರುವ ನಮ್ಮ ಮಾಧವರಂ ಲಾರಿಗಳಿಗೆ ಹೊಸ ಊರಲ್ಲ. ಆದೋನಿಯ ಹತ್ತಿ, ರಾಯಚೂರಿನ ಅಕ್ಕಿ, ಎರಡೂ ಕಡೆಯ ಶೇಂಗಾ ಈ ಸೀಮೆಯ ದಾರಿಗಳಲ್ಲೇ ಓಡಾಡಿವೆ. 1953ರಲ್ಲಿ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ನಡುವೆ ಗಡಿ ಬಂತು, ಸರಕು ಸಾಗುವುದು ಮಾತ್ರ ನಿಲ್ಲಲಿಲ್ಲ.

ಅದರ ಮರುವರ್ಷ, 1954ರಲ್ಲಿ, ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿಯಿತು, ಲಾರಿಯ ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾ ಗುರುತು ಬಂತು. ಆದರೂ ನಮ್ಮ ಹಿರಿಯರು ಅದನ್ನು ಬೆಂಜ್ ಲಾರಿ ಅಂತಲೇ ಕರೆದರು. ಮೂತಿ ಮುಂದೆ ಚಾಚಿದ ಆ ಟಾಟಾಗಳಾಗಲಿ, ಲೇಲ್ಯಾಂಡ್ ಕಾಮೆಟ್‌ಗಳಾಗಲಿ ಈಗ ದೂರದ ಬಾಡಿಗೆಗೆ ಹೋಗುವುದಿಲ್ಲ. ಉಳಿದಿರುವವು ನೀರಿನ ಟ್ಯಾಂಕರಾಗಿ, ಇಟ್ಟಿಗೆ ಭಟ್ಟಿಯ ಗಾಡಿಯಾಗಿ, ಮರಳು ಜಲ್ಲಿ ಹೇರುವುದಕ್ಕೆ ಇವೆ. ಇವುಗಳಿಗೆಲ್ಲ ಬೇಸಿಗೆ ಬಂತೆಂದರೆ ಒಂದೇ ಕಾಯಿಲೆ. ಕನ್ನಡದಲ್ಲಿ ‘ಇಂಜಿನ್ ಕಾದಿದೆ’ ಅನ್ನಿ, ತೆಲುಗಿನಲ್ಲಿ ‘ಇಂಜನ್ ವೇಡೆಕ್ಕಿಂದಿ’ ಅನ್ನಿ, ಖರ್ಚು ಒಂದೇ.

ಇಂಜಿನ್ ಕಾಯುವುದು ಏಕೆ? ನಾವು ಹಾಕುವ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸಲು ಸಿಗುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಉಳಿದ ಪಾಲನ್ನು ಹೆಚ್ಚುಕಡಿಮೆ ನೀರೇ ಹೊತ್ತು ಹೊರಗೆ ಹಾಕಬೇಕು. ನೀರು ಇಲ್ಲಿ ಹಮಾಲಿ. ಇಂಜಿನ್ನಿನಿಂದ ಕಾವು ಹೊತ್ತು ರೇಡಿಯೇಟರಿಗೆ ತರುತ್ತದೆ, ಅಲ್ಲಿ ಗಾಳಿಗೆ ಒಪ್ಪಿಸಿ ಮತ್ತೆ ಒಳಗೆ ಹೋಗುತ್ತದೆ. ಮೊದಮೊದಲ ಮೋಟಾರು ಗಾಡಿಗಳಲ್ಲಿ ಈ ಏರ್ಪಾಡು ಇರಲಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ದಾರಿಯುದ್ದಕ್ಕೂ ನೀರು ಹಾಕುತ್ತಲೇ ಇರಬೇಕಿತ್ತು. 1901ರ ಹೊತ್ತಿಗೆ ವಿಲ್‌ಹೆಲ್ಮ್ ಮೇಬಾಕ್ ಎಂಬ ಇಂಜಿನಿಯರ್ ಜೇನುಗೂಡಿನಂಥ ರೇಡಿಯೇಟರ್ ತಯಾರಿಸಿ ಮರ್ಸಿಡಿಸ್ ಕಾರಿಗೆ ಕೂರಿಸಿದ. ಅದರಲ್ಲಿ 8,070 ಸಣ್ಣ ಕೊಳವೆಗಳಿದ್ದವು. ನಮ್ಮ ಲಾರಿಯ ಮುಂದಿನ ಜಾಲರಿ ಆ ವಂಶದ್ದೇ. ಅಂದಮೇಲೆ ಕಾವು ಹೊರಗೆ ಹೋಗುವ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಇಂಜಿನ್ ಕಾಯುತ್ತದೆ. ಬರೀ ನೀರು ತುಂಬಿಸಿದರೆ ಆ ಅಡ್ಡಿ ಹೋಗುವುದಿಲ್ಲ.

ನಮ್ಮ ಕಡೆ ದೊಡ್ಡ ಅಡ್ಡಿ ಯಾವುದು ಗೊತ್ತೆ? ನಾವು ಹಾಕುವ ನೀರೇ. ಬೇಸಿಗೆಯಲ್ಲಿ ಕಾಲುವೆ ಒಣಗಿದ ಮೇಲೆ ಕೈಗೆ ಸಿಗುವುದು ಬೋರಿನ ನೀರು. ಅದು ಗಡಸು ನೀರು. ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ, ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಹೊಕ್ಕಳೆ ಕಟ್ಟುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳು ದಿನಾ ನೋಡುತ್ತಾರೆ. ಸುಣ್ಣ ಅನ್ನಿ, ಸುನ್ನಂ ಅನ್ನಿ, ಅದೇ ಪದರ ಇಂಜಿನ್ನಿನ ಒಳಗೂ ಕಟ್ಟುತ್ತದೆ. ಹಂಡೆಯಲ್ಲಾದರೆ ಕಣ್ಣಿಗೆ ಕಾಣುತ್ತದೆ, ಕಲ್ಲಿನಲ್ಲಿ ತಿಕ್ಕಬಹುದು. ಇಂಜಿನ್ನಿನ ಹೊಟ್ಟೆಯೊಳಗೆ ಕಾಣುವುದಿಲ್ಲ. ಬೀಡುಕಬ್ಬಿಣ ಕಾವನ್ನು ಎಷ್ಟು ಸುಲಭವಾಗಿ ದಾಟಿಸುತ್ತದೋ ಈ ಸುಣ್ಣ ಅದಕ್ಕಿಂತ ಹತ್ತಾರು ಪಟ್ಟು ಕಡಿಮೆ ದಾಟಿಸುತ್ತದೆ. ತೆಳ್ಳಗಿನ ಪದರವೂ ಸಿಲಿಂಡರಿಗೆ ಕಂಬಳಿ ಹೊದಿಸಿದಂತೆ. ರೇಡಿಯೇಟರ್ ತುಂಬ ನೀರಿದ್ದರೂ ಕಾವು ಆ ನೀರಿಗೆ ಬಂದು ಮುಟ್ಟುವುದೇ ಇಲ್ಲ.

ಇನ್ನೊಂದು ಮಾತು. ಸೋರುವ ರೇಡಿಯೇಟರಿಗೆ ದಿನಕ್ಕೆರಡು ಸಲ ಹೊಸ ನೀರು ಹಾಕಿದರೆ ದಿನಕ್ಕೆರಡು ಸಲ ಹೊಸ ಸುಣ್ಣ ಹಾಕಿದಂತೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಒಳಗೇ ಉಳಿಯುತ್ತದೆ. ಆದ್ದರಿಂದ ಸಣ್ಣ ಸೋರಿಕೆಯನ್ನು ‘ನೀರು ಹಾಕಿಕೊಂಡರಾಯಿತು’ ಎಂದು ಬಿಡಬೇಡಿ. ಮೊದಲು ಸೋರುವ ಜಾಗ ಹುಡುಕಿ ಕಟ್ಟಿಸಿ.

ಹಾಗಾದರೆ ಯಾವ ನೀರು ಹಾಕಬೇಕು? ಡಿಸ್ಟಿಲ್ಡ್ ವಾಟರ್ ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ಚೊಕ್ಕ ಮಾಳಿಗೆಯಿಂದ ಹಿಡಿದು ಸೋಸಿಟ್ಟ ಮಳೆನೀರು, ಅಥವಾ ಊರಿನ ಶುದ್ಧ ನೀರಿನ ಘಟಕದ ಕ್ಯಾನಿನ ನೀರು. ಆದರೆ ಶುದ್ಧ ನೀರನ್ನೂ ಬರಿದಾಗಿ ಹಾಕಬಾರದು. ಸುಣ್ಣವಿಲ್ಲದ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದಕ್ಕೆ ಕೂಲೆಂಟ್ ಬೇಕು. ಕೂಲೆಂಟ್ ಚಳಿ ದೇಶದವರಿಗೆ, ನಮಗೇಕೆ ಎನ್ನುವವರಿದ್ದಾರೆ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಕೆಲಸ. ತುಕ್ಕು ತಡೆಯುವುದು, ಕುದಿಯುವ ಮಟ್ಟವನ್ನು ಸ್ವಲ್ಪ ಏರಿಸುವುದು ಅದರ ಉಳಿದ ಕೆಲಸಗಳು, ನಮಗೆ ಬೇಕಾದದ್ದು ಇವೇ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಬೆರೆಸಿ, ಅರ್ಧಕ್ಕಿಂತ ಹೆಚ್ಚು ಬೇಡ. ಕಾವು ಹೊರುವುದರಲ್ಲಿ ನೀರೇ ಮುಂದು, ಕೂಲೆಂಟ್ ಹೆಚ್ಚಿದಷ್ಟೂ ತಂಪು ಎಂಬ ಲೆಕ್ಕ ತಪ್ಪು. ತಾಯಂದಿರೂ ಇದನ್ನು ಕೇಳಿಸಿಕೊಳ್ಳಿ: ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ಇಳಿಸಿದ ನೀರನ್ನು ಮಕ್ಕಳ ಕೈಗೆ, ದನಕರು ನಾಯಿಗಳ ಬಾಯಿಗೆ ಸಿಗುವಂತೆ ಬಿಡಬೇಡಿ.

ಈಗಾಗಲೇ ಸುಣ್ಣ ಕಟ್ಟಿದ್ದರೆ? ಮೊದಲು ಒಳಗೆ ತೊಳೆಯಬೇಕು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನ ಕೆಳಗಿನ ನಲ್ಲಿ ಬಿಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಇಂಜಿನ್ ಬ್ಲಾಕಿನ ಪಕ್ಕದಲ್ಲೂ ಒಂದು ನಲ್ಲಿ ಇರುತ್ತದೆ. ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟಿರುವುದಿಲ್ಲ, ಬಿಟ್ಟರೂ ನೀರು ಬಾರದು, ಏಕೆಂದರೆ ಕೆಸರು ಅಲ್ಲೇ ಕೂತಿರುತ್ತದೆ. ತಂತಿ ಹಾಕಿ ಕೆದಕಿ ಬಿಡಿಸಿ. ಆಮೇಲೆ ನಿಂಬೆ ಉಪ್ಪು ಬಳಸಬಹುದು. ಕನ್ನಡದಲ್ಲೂ ತೆಲುಗಿನಲ್ಲೂ ಇದಕ್ಕೆ ಒಂದೇ ಹೆಸರು, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಲೀಟರ್ ನೀರಿಗೆ ಸುಮಾರು 30 ಗ್ರಾಂ ಕರಗಿಸಿ ತುಂಬಿ, ಅರ್ಧ ಗಂಟೆ ಇಂಜಿನ್ ಓಡಿಸಿ, ತಣ್ಣಗಾದ ಮೇಲೆ ಇಳಿಸಿ. ತಿಳಿನೀರು ಬರುವ ತನಕ ನಾಲ್ಕೈದು ಸಲ ತೊಳೆಯಿರಿ. ಬೇಗ ಆಗಲಿ ಎಂದು ಕಕ್ಕಸು ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಅದು ಸುಣ್ಣದ ಜೊತೆಗೆ ಹಿತ್ತಾಳೆ ರೇಡಿಯೇಟರಿನ ಬೆಸುಗೆಯನ್ನೂ, ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಕೊಳವೆಗಳು ಪೂರ್ತಿ ಕಟ್ಟಿಹೋಗಿದ್ದರೆ ಯಾವ ನೀರೂ ಸಾಲದು. ರೇಡಿಯೇಟರ್ ಕೆಲಸದವರಲ್ಲಿ ಕೊಟ್ಟು, ಟ್ಯಾಂಕ್ ಬಿಚ್ಚಿಸಿ, ಸಲಾಕೆ ಹಾಕಿ ತೆಗೆಸಬೇಕು. ಹಳೆಯ ಹಿತ್ತಾಳೆ ರೇಡಿಯೇಟರನ್ನು ಹೀಗೆ ಬಿಚ್ಚಿ ಕಟ್ಟಬಹುದು, ಅದು ಅದರ ಭಾಗ್ಯ. ‘ಹಳೆಯದು ತೂಕಕ್ಕೆ ಕೊಡಿ, ಹೊಸದು ಹಾಕೋಣ’ ಎಂದರೆ ಎರಡು ಸಲ ಯೋಚಿಸಿ.

ಒಳಗಿನದಾಯಿತು, ಹೊರಗೂ ನೋಡಿ. ಎರೆ ಭೂಮಿಯ ಧೂಳು, ಹತ್ತಿಯ ಎಳೆ, ಶೇಂಗಾ ಹೊಟ್ಟು ರೇಡಿಯೇಟರಿನ ಜಾಲರಿಯಲ್ಲಿ ಸೇರಿ ಗಾಳಿ ತಡೆಯುತ್ತವೆ. ಇಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಹೋಗುತ್ತದೆ. ಫ್ಯಾನ್ ಸುತ್ತ ತಗಡಿನ ಕವಚ ಇದ್ದರೆ ಅದನ್ನು ಕಳಚಿ ಎಸೆಯಬೇಡಿ. ಗಾಳಿ ರೇಡಿಯೇಟರಿನ ಮೂಲಕವೇ ಬರುವಂತೆ ಮಾಡುವುದು ಅದೇ. ನಿಂತಲ್ಲೇ ಇಂಜಿನ್ ಓಡಿಸಿ ಪಂಪ್ ನಡೆಸುವ ಟ್ಯಾಂಕರಿಗೆ ಇದು ಬಹಳ ಮುಖ್ಯ, ಅದಕ್ಕೆ ಓಟದ ಗಾಳಿ ಸಿಗುವುದಿಲ್ಲ.

ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದಷ್ಟು ಬಗ್ಗಬೇಕು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಿದರೆ ಅದರ ಸೀಲ್ ಹೋಗಿದೆ ಎಂದೇ ಅರ್ಥ. ಇನ್ನು ಕೆಳಗಿನ ಹೋಸ್ ಪೈಪು. ಪಂಪ್ ನೀರನ್ನು ಎಳೆಯುವುದು ಅದರಿಂದಲೇ. ಹಳೆಯದಾಗಿ ಮೆತ್ತಗಾದರೆ ಇಂಜಿನ್ ಜೋರಾದಾಗ ಅದು ಒಳಕ್ಕೆ ಚಪ್ಪಟೆಯಾಗುತ್ತದೆ, ನಿಧಾನವಾದಾಗ ಮತ್ತೆ ಉಬ್ಬುತ್ತದೆ. ಶೆಡ್ಡಿನಲ್ಲಿ ನಿಂತಾಗ ಎಲ್ಲ ಸರಿ, ಲೋಡ್ ಹಾಕಿ ಓಡಿಸಿದಾಗ ಕಾಯುತ್ತದೆ ಎಂದರೆ ಈ ಪೈಪನ್ನೂ ಅನುಮಾನಿಸಿ.

ಥರ್ಮೋಸ್ಟಾಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಇಂಜಿನ್ ಕಾದರೆ ಮೊದಲು ಅದನ್ನು ಕಿತ್ತೆಸೆಯುವುದು ರೂಢಿ. ನೀರು ಸುಮಾರು 80 ಡಿಗ್ರಿ ಆದಾಗ ರೇಡಿಯೇಟರಿನ ಬಾಗಿಲು ತೆರೆಯುವುದು ಅದರ ಕೆಲಸ. ಅನೇಕ ಇಂಜಿನ್‌ಗಳಲ್ಲಿ ಅದೇ ಹೊತ್ತಿಗೆ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ. ಕಿತ್ತರೆ ಬೈಪಾಸ್ ತೆರೆದೇ ಉಳಿದು, ಬಿಸಿನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ. ತಂಪಾಗಲೆಂದು ಮಾಡಿದ್ದು ಕಾವಿಗೆ ಕಾರಣವಾಗುತ್ತದೆ. ಕೆಟ್ಟಿದೆಯೋ ಇಲ್ಲವೋ ನೋಡಲು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ತೆರೆದರೆ ಸರಿ, ತೆರೆಯದಿದ್ದರೆ ಹೊಸದು ಹಾಕಿ. ರೇಡಿಯೇಟರಿನ ಮುಚ್ಚಳವೂ ಹಾಗೆಯೇ: ಮೊದಲಿದ್ದ ಮುಚ್ಚಳದ ಮೇಲೆ ಯಾವ ಅಂಕಿ ಇತ್ತೋ ಅದೇ ಅಂಕಿಯದು ಬೇಕು. ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ, ಹೆಚ್ಚು ಹಿಡಿದರೆ ಹಳೆಯ ಬೆಸುಗೆ ಬಿಡುತ್ತದೆ.

ಇವೆಲ್ಲ ಸರಿಯಿದ್ದೂ ಕಾದರೆ ಕಾರಣ ಬೇರೆ ಕಡೆ ಇದೆ. ಹೆಚ್ಚಿನ ಲೋಡ್, ಬಿಗಿದುಕೊಂಡ ಬ್ರೇಕ್, ಡೀಸೆಲ್ ಪಂಪಿನ ಟೈಮಿಂಗ್ ತಪ್ಪಿರುವುದು, ಏರಿನಲ್ಲಿ ಗೇರ್ ಇಳಿಸದೆ ಇಂಜಿನ್ನನ್ನು ತಿಣುಕಿಸುವುದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದ ಕೂಡಲೇ ನೀರಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತವೆ. ಆಯಿಲ್ ಮಜ್ಜಿಗೆಯ ಹಾಗೆ ಆಗಿದ್ದರೆ ಅದರಲ್ಲಿ ನೀರು ಸೇರಿದೆ, ಗಾಡಿ ಓಡಿಸಲೇಬೇಡಿ.

ಕೊನೆಗೆ, ದಾರಿಯಲ್ಲಿ ಕಾದರೆ ಏನು ಮಾಡಬೇಕು? ಎಲ್ಲ ಮರೆತರೂ ಇದನ್ನು ಮರೆಯಬೇಡಿ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ. ನೀರು ಚೆಲ್ಲಿಲ್ಲ, ಬೆಲ್ಟ್ ತಿರುಗುತ್ತಿದೆ, ಮುಳ್ಳು ಸ್ವಲ್ಪ ಮೇಲೆ ಹೋಗಿದೆ ಅಷ್ಟೇ ಎಂದರೆ ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಡಿ. ನೀರು ಹೋಗಿದ್ದರೆ, ಬೆಲ್ಟ್ ಹರಿದಿದ್ದರೆ ಕೂಡಲೇ ಬಂದ್ ಮಾಡಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಒತ್ತಡದಲ್ಲಿ ಹಿಡಿದಿಟ್ಟ ನೀರು ಮುಚ್ಚಳ ಸಡಿಲವಾದ ಕ್ಷಣದಲ್ಲೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಈ ಕೆಲಸಕ್ಕೆ ನಾವು ಕಳಿಸುವುದು ಕ್ಲೀನರ್ ಹುಡುಗನನ್ನು. ಅವನ ಕಣ್ಣು, ಅವನ ಕೈ ಯಾವ ಬಾಡಿಗೆಗಿಂತಲೂ ದೊಡ್ಡದು. ಕಡಿಮೆಯೆಂದರೆ ಅರ್ಧ ಗಂಟೆ ಕಾಯಿರಿ. ಆಮೇಲೆ ಗೋಣಿತಟ್ಟು ಮಡಚಿ ಮುಚ್ಚಳದ ಮೇಲಿಟ್ಟು, ಮುಖ ದೂರ ಇಟ್ಟು, ಮೊದಲ ಹಂತಕ್ಕಷ್ಟೇ ತಿರುಗಿಸಿ. ಸುಯ್ ಎನ್ನುವುದು ನಿಂತ ಮೇಲೆ ತೆಗೆಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಒಮ್ಮೆಲೇ ಸುರಿದರೆ ಬೀಡಿನ ಹೆಡ್ ಸೀಳು ಬಿಡುತ್ತದೆ. ಇಂಜಿನ್ ಕೈ ಮುಟ್ಟುವಷ್ಟು ತಣಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ.

ಮುಳ್ಳಿನ ವಿಷಯವೂ ಹೇಳಿಬಿಡುತ್ತೇನೆ. ಹಳೆಯ ಲಾರಿಗಳಲ್ಲಿ ಮೀಟರ್ ಕೆಟ್ಟು ಎಷ್ಟೋ ವರ್ಷ ಆಗಿರುತ್ತದೆ, ‘ವಾಸನೆಯಲ್ಲೇ ಗೊತ್ತಾಗುತ್ತದೆ’ ಎನ್ನುತ್ತಾರೆ. ವಾಸನೆ ಬರುವ ಹೊತ್ತಿಗೆ ಗ್ಯಾಸ್ಕೆಟ್ ಹೋಗಿರಬಹುದು. ಮೊದಲು ಮೀಟರ್ ರಿಪೇರಿ ಮಾಡಿಸಿ. ಅದು ನೀರಿನ ಕಾವನ್ನು ಅಳೆಯುತ್ತದೆ. ನೀರೇ ಪೂರ್ತಿ ಹೋಗಿಬಿಟ್ಟರೆ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಇಳಿದು ಮೋಸ ಮಾಡಬಹುದು. ಮೇಲೆ ಹೋದ ಮುಳ್ಳು ತಟ್ಟನೆ ಕೆಳಗೆ ಬಿತ್ತೆಂದರೆ ಸಮಾಧಾನ ಪಡಬೇಡಿ, ಗಾಡಿ ನಿಲ್ಲಿಸಿ ನೋಡಿ.

ಹದಿನೈದು ವರ್ಷ ದಾಟಿದ ಗಾಡಿಗಳ ಫಿಟ್‌ನೆಸ್ ಮತ್ತು ನೋಂದಣಿಯ ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ. ಹಳೆಯ ಲಾರಿ ಇಟ್ಟುಕೊಂಡವರಿಗೆ ಮೊದಲೇ ಹೊರೆ ಇದೆ. ಅದರ ಮೇಲೆ ಇಂಜಿನ್ ಹಿಡಿದುಕೊಂಡು ನಿಂತರೆ ಮತ್ತೆ ಕಟ್ಟಿಸುವ ಶಕ್ತಿ ಎಷ್ಟು ಜನಕ್ಕೆ ಇದೆ? ಮಾಡಬೇಕಾದದ್ದು ದೊಡ್ಡದೇನಲ್ಲ. ಒಳ್ಳೆಯ ನೀರು, ಅದಕ್ಕೆ ತಕ್ಕ ಕೂಲೆಂಟ್, ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಯುಗಾದಿಯ ಹೊತ್ತಿಗೆ ಒಂದು ತೊಳೆತ. ಹಬ್ಬಕ್ಕೆ ಮನೆ ತೊಳೆಯುತ್ತೀರಿ, ಲಾರಿಗೂ ಹೊರಗೆ ಹೂವಿನ ಹಾರ ಹಾಕುತ್ತೀರಿ. ಈ ಸಲ ಒಳಗಿನ ಸುಣ್ಣವನ್ನೂ ತೊಳೆಯಿರಿ.