ಭತ್ತದ ಗದ್ದೆಗೆ ನೀರು ಹೇಳುವ ದೀಪ



2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ನೀರಿನ ಬೆಲೆ ಎಲ್ಲರಿಗೂ ತಿಳಿಯಿತು. ಭತ್ತಕ್ಕೆ ಸದಾ ನೀರು ನಿಲ್ಲಿಸಬೇಕಿಲ್ಲ. ನಾಟಿಯಾಗಿ ಎರಡು ವಾರ ಕಳೆದ ಮೇಲೆ, ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ಕಟ್ಟಿದರೆ ಸಾಕು.

ಇದನ್ನು ತಿಳಿಸುವ ಸಾಧನವನ್ನು ಹೈಸ್ಕೂಲು ಮಕ್ಕಳೂ ಮಾಡಬಲ್ಲರು. 40 ಸೆಂ.ಮೀ. ಪ್ಲಾಸ್ಟಿಕ್ ಕೊಳವೆಯ ಕೆಳಗಿನ ಅರ್ಧಕ್ಕೆ ರಂಧ್ರ ಕೊರೆದು, ಅಷ್ಟನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ಎರಡು ತಂತಿಗಳ ತುದಿ ಸುಲಿದು, ಒಂದಕ್ಕೊಂದು ತಾಗದಂತೆ 15 ಸೆಂ.ಮೀ. ಆಳಕ್ಕೆ ಇಳಿಬಿಡಿ. ಬದುವಿನ ಮೇಲೆ ಡಬ್ಬಿಯೊಂದರಲ್ಲಿ 9 ವೋಲ್ಟ್ ಬ್ಯಾಟರಿ, ಒತ್ತುಗುಂಡಿ, ಬಿಸಿ 547 ಟ್ರಾನ್ಸಿಸ್ಟರ್ ಇರಲಿ. ಒಂದು ತಂತಿ ಬೇಸ್‌ಗೆ. ಇನ್ನೊಂದು ಎಮಿಟರ್‌ಗೂ ಬ್ಯಾಟರಿಯ ಋಣ ತುದಿಗೂ. ಧನ ತುದಿಯಿಂದ ಗುಂಡಿಯ ಮೂಲಕ ಬೇಸ್‌ಗೆ 470 ಕಿಲೋ ಓಮ್ ರೋಧಕ. ಕಲೆಕ್ಟರ್‌ಗೆ 1 ಕಿಲೋ ಓಮ್ ರೋಧಕ ಮತ್ತು ಎಲ್‌ಇಡಿ ದೀಪ.

ಗುಂಡಿ ಒತ್ತಿದಾಗ ದೀಪ ಹತ್ತಿದರೆ ನೀರು ಹಾಯಿಸಿ, ಹತ್ತದಿದ್ದರೆ ಕಾಯಿರಿ. ವಾರಕ್ಕೊಮ್ಮೆ ತಂತಿಯ ತುದಿ ಮೇಲೆತ್ತಿ ಒರೆಸಿ ಒತ್ತಿ ನೋಡಿ. ಆಗಲೂ ಹತ್ತದಿದ್ದರೆ ಬ್ಯಾಟರಿ ಬದಲಿಸಿ. ಮನೆಯ ಕರೆಂಟಿಗೆ ಇದನ್ನು ಎಂದೂ ಜೋಡಿಸಬೇಡಿ.

ಹೂ ಬಿಡುವಾಗ ಗದ್ದೆ ಒಣಗಬಾರದು. ಸವಳು ಭೂಮಿಯವರು ಮೊದಲು ತಜ್ಞರನ್ನು ಕೇಳಿ.

ನೀವು ಉಳಿಸಿದ ನೀರು ಕಾಲುವೆಯ ಕೊನೆಯ ಗದ್ದೆಗೆ ತಲುಪಲಿ.