ಮೊದಲು ಬಾಟ್ಲಿ, ಆಮೇಲೆ ಮಾತ್ರೆ

ಈ ಆರೋಗ್ಯ ವಸ್ತುಪ್ರದರ್ಶನಕ್ಕಾಗಿ ವಿದ್ಯಾರ್ಥಿಗಳು ಒಂದು ವಾರದಿಂದ ಥರ್ಮಾಕೋಲು ಕತ್ತರಿಸಿ ಬೆರಳಿಗೆಲ್ಲ ಗೋಂದು ಮೆತ್ತಿಕೊಂಡಿದ್ದಾರೆ. ದೀಪ ಹಚ್ಚಲು ನನ್ನನ್ನು ಕರೆದಿದ್ದೀರಿ, ಸಂತೋಷ. ಕಣ್ಣು, ಹಲ್ಲು, ಹೃದಯ, ಪೌಷ್ಟಿಕ ಆಹಾರ, ಎಲ್ಲಕ್ಕೂ ಇಲ್ಲಿ ಮಳಿಗೆಗಳಿವೆ. ಅವುಗಳ ವಿಚಾರವನ್ನು ಆಯಾ ಮಳಿಗೆಯ ಮಕ್ಕಳ ಬಾಯಿಂದಲೇ ಕೇಳಿ. ನಾನು ಇಪ್ಪತ್ತೆಂಟು ವರ್ಷ ಪ್ರಯೋಗಾಲಯದಲ್ಲಿ ಕೂತು ಮೂತ್ರದ ಕಲ್ಚರ್ ನೋಡಿದವಳು. ಅದರ ಬಗ್ಗೆಯೇ ಮಾತಾಡುತ್ತೇನೆ.

ಈ ಕಾಯಿಲೆಯ ಹೆಸರು ಹೇಳಲು ನಮಗೆ ಸಂಕೋಚ. ‘ಉಷ್ಣ ಆಗಿದೆ’ ಅಂದುಬಿಡುತ್ತೇವೆ. ಬಾರ್ಲಿ ನೀರು, ಎಳನೀರು ಕುಡಿಯುತ್ತೇವೆ. ನೀರು ಕುಡಿಯುವುದು ಒಳ್ಳೆಯದೇ. ಆದರೆ ಉರಿಮೂತ್ರ, ಗಳಿಗೆಗೊಮ್ಮೆ ಅವಸರ, ಕಿಬ್ಬೊಟ್ಟೆಯ ನೋವು ಒಟ್ಟಿಗೆ ಬಂದರೆ ಅದು ಬಹುಮಟ್ಟಿಗೆ ಸೋಂಕು. ಇಂಥ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಇ. ಕೊಲೈ ಬ್ಯಾಕ್ಟೀರಿಯಾ. 1885ರಲ್ಲಿ ಎಶೆರಿಚ್ ಎಂಬ ಮಕ್ಕಳ ವೈದ್ಯರು ಅದನ್ನು ಮೊದಲು ವಿವರಿಸಿದರು. ಎಲ್ಲರ ಕರುಳಿನಲ್ಲೂ ಅದು ತನ್ನ ಪಾಡಿಗೆ ತಾನಿರುತ್ತದೆ. ಅಲ್ಲಿಂದ ಮೂತ್ರನಾಳ ಹತ್ತಿದರೆ ಕಾಟ ಶುರು. ಹೆಂಗಸರಲ್ಲಿ ಆ ನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಅಷ್ಟೆ. ಹಾಗಾಗಿ ಅವರಿಗೇ ಹೆಚ್ಚು.

ನನ್ನ ಅವ್ವನ ಕಥೆ ಹೇಳುತ್ತೇನೆ. ಆಗ ಅವಳಿಗೆ ಅರವತ್ತೆಂಟು, ಸಕ್ಕರೆ ಕಾಯಿಲೆ ಬೇರೆ. ಒಂದು ರಾತ್ರಿ ಊರಿಂದ ಫೋನ್ ಮಾಡಿದಳು. ‘ಉಷ್ಣ ಆಗೈತೆ ಕಣವ್ವ, ಉರೀತೈತೆ. ಹೋದ್ಸಲದ ಮಾತ್ರೆ ಎರಡು ಉಳ್ಕಂಡವೆ, ತಗೊಳ್ಲಾ?’ ದೇವರ ಗೂಡಿನ ಪಕ್ಕ ಒಂದು ಬಿಸ್ಕತ್ ಡಬ್ಬಿ ಇತ್ತು. ಮನೆಮಂದಿ ತಿಂದು ಉಳಿಸಿದ ಮಾತ್ರೆಗಳೆಲ್ಲ ಅದರೊಳಗೆ. ಅಲ್ಲಿದ್ದದ್ದು ನಾರ್‌ಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್. ದಿನವಿಡೀ ಕಲ್ಚರ್ ತಟ್ಟೆ ನೋಡಿ ದಣಿದು ಬಂದಿದ್ದ ನಾನು ‘ತಗೋ ಅವ್ವ, ಆಮೇಲೆ ನೋಡೋಣ’ ಅಂದೆ. ಉರಿ ಇಳಿಯಿತು. ಮೂರು ತಿಂಗಳಿಗೆ ಮತ್ತೆ ಬಂತು. ಈ ಸಲ ಮೆಡಿಕಲ್ಲಿನಿಂದ ಸೆಫಿಕ್ಸಿಮ್ ತರಿಸಿದಳು. ಎರಡು ದಿನಕ್ಕೆ ಹಗುರಾಯಿತೆಂದು ನಿಲ್ಲಿಸಿ ಉಳಿದದ್ದನ್ನು ಡಬ್ಬಿಗೆ ಹಾಕಿದಳು. ಮೂರನೆಯ ಸಲ ಗಡಗಡ ನಡುಕ, ಜ್ವರ, ವಾಂತಿ, ಬೆನ್ನಿನ ಪಕ್ಕದಲ್ಲಿ ಮುಟ್ಟಲಾಗದ ನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು.

ಅವ್ವನ ಮೂತ್ರದ ಮಾದರಿಯನ್ನು ನಾನೇ ತಟ್ಟೆಯ ಮೇಲೆ ಎಳೆದೆ. ಮಾರನೆಯ ದಿನ ಮ್ಯಾಕ್‌ಕಾಂಕಿ ಅಗಾರ್ ಮೇಲೆ ಗುಲಾಬಿ ಬಣ್ಣದ ಚುಕ್ಕಿಗಳು. ಅವನ್ನು ಬೇರೆ ತಟ್ಟೆಗಳಿಗೆ ಸವರಿ, ಔಷಧ ಹೀರಿಸಿದ 6 ಮಿಲಿಮೀಟರ್ ಅಗಲದ ಬಿಳಿ ಕಾಗದದ ಬಿಲ್ಲೆಗಳನ್ನು ಇಟ್ಟೆ. ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗಿದರೆ ಬಿಲ್ಲೆಯ ಸುತ್ತ ತಿಳಿಯಾದ ಬಳೆ ಏಳುತ್ತದೆ, ಚಂದ್ರ ಗುಡಿ ಕಟ್ಟಿದ ಹಾಗೆ. ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದೆ. ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್, ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಸೆಫಿಕ್ಸಿಮ್. ಈ ಐದೂ ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಹುಲ್ಲಿನ ಹಾಗೆ ಒತ್ತಾಗಿ ಬೆಳೆದಿತ್ತು. ಸ್ಕೇಲು ಕೈಯಲ್ಲಿತ್ತು, ಅಳೆಯಲು ಬಳೆಯೇ ಇರಲಿಲ್ಲ. 1950ರ ದಶಕದ ಹಳೆಯ ನೈಟ್ರೊಫ್ಯುರಾಂಟಾಯಿನ್ ಸುತ್ತ ಮಾತ್ರ ದೊಡ್ಡ ಬಳೆ. ಆದರೆ ಆ ಔಷಧ ಮೂತ್ರದಲ್ಲಿ ಸೇರಿಕೊಂಡು ಮೂತ್ರಕೋಶದಲ್ಲಿ ಕೆಲಸ ಮಾಡುತ್ತದೆ. ಮೂತ್ರಪಿಂಡದ ಒಳಗಿನ ಸೋಂಕಿಗೆ ಸಾಕಾಗುವಷ್ಟು ಅಲ್ಲಿ ಸಿಗುವುದಿಲ್ಲ. ಮೊದಲ ಸಲವೇ ಪರೀಕ್ಷಿಸಿದ್ದರೆ ಆ ಅಗ್ಗದ ಮಾತ್ರೆಯಲ್ಲಿ ಮುಗಿಯಬಹುದಿತ್ತು. ಕೊನೆಗೆ ಮೆರೊಪೆನೆಮ್ ಇಂಜೆಕ್ಷನ್, ಹತ್ತು ದಿನ, ದಿನಕ್ಕೆ ಮೂರು ಸಲ. ಅವ್ವ ಉಳಿದಳು. ಆ ತಟ್ಟೆ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಆದದ್ದೇನು? ಆ್ಯಂಟಿಬಯೋಟಿಕ್ ಕರುಳಿನಲ್ಲಿ ಜರಡಿ ಹಿಡಿಯುತ್ತದೆ. ಬಗ್ಗುವವು ಸಾಯುತ್ತವೆ, ತಡೆದುಕೊಳ್ಳುವವು ಉಳಿಯುತ್ತವೆ. ಅನುಕೂಲ ಸಿಕ್ಕರೆ ಇ. ಕೊಲೈ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಖಾಲಿಯಾದ ಜಾಗ ತುಂಬಲು ಎಷ್ಟು ಹೊತ್ತು? ನೆಗಡಿಗೆಂದು ನುಂಗಿದ ಆ್ಯಂಟಿಬಯೋಟಿಕ್ ಕೂಡ ಇದೇ ಜರಡಿ ಹಿಡಿಯುತ್ತದೆ. ಇನ್ನೊಂದು ಮಾತು. ಪಕ್ಕದ ಮನೆಯವರಿಗೆ ಹೆಪ್ಪು ಕೊಟ್ಟರೆ ನಮ್ಮ ಮನೆಯ ಮೊಸರು ಮುಗಿಯುವುದಿಲ್ಲ, ಅವರ ಮನೆಯಲ್ಲೂ ಮೊಸರಾಗುತ್ತದೆ. ಬ್ಯಾಕ್ಟೀರಿಯಾಗಳು ಔಷಧ ತಡೆಯುವ ಶಕ್ತಿಯನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಲ್ಲಿ ಹೀಗೇ ಹಂಚಿಕೊಳ್ಳುತ್ತವೆ. ಕೊಟ್ಟವರ ಬಳಿ ಒಂದು ಪ್ರತಿ ಉಳಿಯುತ್ತದೆ, ಪಡೆದವರ ಬಳಿ ಇನ್ನೊಂದು.

ಅವ್ವನನ್ನು ಉಳಿಸಿದ ಆ ಇಂಜೆಕ್ಷನ್ ಕೂಡ ಈಗ ಭದ್ರವಲ್ಲ. ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್‌ಗೆ ಮರಳಿದ ಭಾರತ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ 2008ರಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದರಲ್ಲಿ ಮೆರೊಪೆನೆಮ್ ಜಾತಿಯ ಔಷಧವನ್ನೇ ಒಡೆಯುವ ಹೊಸ ಕಿಣ್ವವಿತ್ತು. ಅದೇ ಎನ್‌ಡಿಎಂ-1. ಹೆಸರಿನಲ್ಲಿ ನವದೆಹಲಿ ಇದೆಯೆಂದು ದೇಶದಲ್ಲಿ ಸಿಟ್ಟೆದ್ದಿತು. ಆ ಸಿಟ್ಟಿನ ಒಂದು ಪಾಲು ನಮ್ಮ ನಮ್ಮ ಮನೆಯ ಮಾತ್ರೆ ಡಬ್ಬಿಗಳ ಮೇಲೂ ಬರಬೇಕಿತ್ತು.

ಹಾಗಾಗಿ ನನ್ನದು ಒಂದೇ ಕೋರಿಕೆ: ಮೊದಲು ಬಾಟ್ಲಿ, ಆಮೇಲೆ ಮಾತ್ರೆ. ಒಂದು ಮಾತ್ರೆ ನುಂಗಿ ಬಂದರೂ ಕಲ್ಚರ್ ತಟ್ಟೆ ಸುಳ್ಳು ಹೇಳಬಹುದು. ಕೆಮ್ಮಿನ ಸಿರಪ್ಪಿನ ಬಾಟ್ಲಿ ತೊಳೆದು ಅದರಲ್ಲಿ ತಂದವರನ್ನು ನೋಡಿದ್ದೇನೆ. ಬೇಡ, ಪ್ರಯೋಗಾಲಯದವರು ಕೊಡುವ ಶುದ್ಧ ಬಾಟ್ಲಿಯೇ ಬೇಕು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ, ಎರಡು ಗಂಟೆಯೊಳಗೆ ತಲುಪಿಸಿ. ಮಾದರಿ ಕೊಟ್ಟ ಮೇಲೆ ವೈದ್ಯರು ಹೇಳಿದ ಔಷಧವನ್ನು ಆ ಗಳಿಗೆಯೇ ಶುರುಮಾಡಿ, ಅವರು ಹೇಳಿದಷ್ಟು ದಿನ ತಗೊಳ್ಳಿ. ಎರಡು ಮೂರು ದಿನಕ್ಕೆ ವರದಿ ಬಂದಾಗ ಬೇಕಿದ್ದರೆ ಅವರೇ ಬದಲಿಸುತ್ತಾರೆ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮಕ್ಕಳು, ಗಂಡಸರು, ಪದೇ ಪದೇ ಉರಿ ಬರುವವರು ಕಲ್ಚರ್ ತಪ್ಪಿಸಲೇಬಾರದು. ಚಳಿಜ್ವರ ಬಂದರೆ ಮನೆಯಲ್ಲಿ ಕೂರಬೇಡಿ.

ಮೆಡಿಕಲ್ ಶಾಪಿನ ಅಣ್ಣಂದಿರೂ ಇಲ್ಲಿದ್ದೀರಿ. ಸೆಫಿಕ್ಸಿಮ್‌ನಂಥ ಔಷಧಗಳು 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿವೆ. ಚೀಟಿ ನೋಡಿ, ವೈದ್ಯರ ಹೆಸರು, ರೋಗಿಯ ಹೆಸರು ಪುಸ್ತಕದಲ್ಲಿ ಬರೆದೇ ಕೊಡಬೇಕು. ‘ಪವರಿಂದು ನಾಲ್ಕು ಮಾತ್ರೆ ಕೊಡಿ’ ಅಂದವರಿಗೆ ಇಲ್ಲ ಅನ್ನುವ ಗಟ್ಟಿತನ ನಿಮ್ಮಲ್ಲಿರಲಿ. ಪಂಚಾಯಿತಿಯವರಿಗೂ ಒಂದು ಮಾತು. ಲಸಿಕೆ ಐಸ್ ಡಬ್ಬಿಯಲ್ಲಿ ಹಳ್ಳಿಯವರೆಗೂ ಬರುತ್ತದೆ. ಅಂಥದೇ ಇನ್ನೊಂದು ಡಬ್ಬಿಯಲ್ಲಿ ಹಳ್ಳಿಯ ಮಾದರಿ ಜಿಲ್ಲಾ ಪ್ರಯೋಗಾಲಯಕ್ಕೆ ಯಾಕೆ ಹೋಗಬಾರದು? ಬಸ್ಸಿಗೆ ದುಡ್ಡಿಲ್ಲದೆ ಕಲ್ಚರ್ ಬಿಟ್ಟ ತಾಯಂದಿರು ಬಹಳ ಮಂದಿ. ಶಾಲೆಯ ಶೌಚಾಲಯ ಗಲೀಜೆಂದು ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ, ಮೂತ್ರ ತಡೆದು ಕೂತು ಈ ಸೋಂಕಿಗೆ ದಾರಿ ಮಾಡಿಕೊಳ್ಳುವ ಹೆಣ್ಣುಮಕ್ಕಳೂ ಇದ್ದಾರೆ. ಶೌಚಾಲಯದ ಬಾಗಿಲಿಗೆ ಚಿಲಕ, ನಲ್ಲಿಗೆ ನೀರು ಇದ್ದರೆ ಎಷ್ಟೋ ಆ್ಯಂಟಿಬಯೋಟಿಕ್ ಉಳಿಯುತ್ತದೆ.

ಪ್ರದರ್ಶನ ಮೂರು ದಿನ ಇದೆಯಂತೆ. ಪ್ರಾಂಶುಪಾಲರೇ, ನನಗೊಂದು ಖಾಲಿ ಮೇಜು ಕೊಡಿಸಿ. ಮಕ್ಕಳೇ, ಇವತ್ತು ಸಂಜೆ ನಿಮ್ಮ ಮನೆಯ ಮಾತ್ರೆ ಡಬ್ಬಿಯನ್ನು ಅಮ್ಮನ ಜೊತೆ ಕೂತು ತೆರೆಯಿರಿ. ದಿನವೂ ತಗೊಳ್ಳುವ ಬಿಪಿ, ಶುಗರ್ ಮಾತ್ರೆ ಅಲ್ಲೇ ಇರಲಿ. ಅರ್ಧಕ್ಕೆ ಬಿಟ್ಟ, ಕೆಂಪು ಗೆರೆಯ ಆ್ಯಂಟಿಬಯೋಟಿಕ್ ಸ್ಟ್ರಿಪ್ಪುಗಳನ್ನು ನಾಳೆ ತನ್ನಿ. ಮೇಜಿನ ಮೇಲೆ ಹರಡಿಡೋಣ, ಊರಿನವರೆಲ್ಲ ನೋಡಲಿ. ಮೂರನೆಯ ದಿನ ಅವನ್ನು ಆಸ್ಪತ್ರೆಯ ತ್ಯಾಜ್ಯದ ಜೊತೆ ನಾನೇ ವಿಲೇವಾರಿಗೆ ಕಳಿಸುತ್ತೇನೆ. ಮೊದಲ ಸ್ಟ್ರಿಪ್ ನಾನು ತಂದಿದ್ದೇನೆ. ಅವ್ವನ ಡಬ್ಬಿಯಲ್ಲಿ ಸಿಕ್ಕಿದ್ದು, ಆರು ಮಾತ್ರೆ ಹಾಗೇ ಇವೆ. ಪ್ರದರ್ಶನ ಈಗ ತೆರೆದಿದೆ. ಬನ್ನಿ.